ಯಾರ ಏಟಿಗೆ ಯಾರ ನಗು?

ಸಿನಿಮಾ ನೋಡಿ ಬಂದವರನ್ನು ನಾವು ಕೇಳುವುದು ಒಂದೇ ಪ್ರಶ್ನೆ: 'ಹೇಗಿತ್ತು?' ನೋಡುವಾಗ ಪಕ್ಕದಲ್ಲಿ ಕೂತವರು ಎಲ್ಲಿ ನಕ್ಕರು, ಎಲ್ಲಿ ಸುಮ್ಮನಾದರು, ಎಲ್ಲಿ ಎದ್ದು ಹೋದರು ಎಂದು ಕೇಳುವುದಿಲ್ಲ. ಕೇಳಬೇಕಾದದ್ದು ಅದನ್ನೇ ಎಂದು ನನಗೆ ಅನ್ನಿಸಿದ್ದು, ನಮ್ಮ ಸಂಘದ ಹೆಂಗಸರ ಜೊತೆ ಕೂತು 'ಡಾರ್ಲಿಂಗ್ಸ್' ಎಂಬ ಹಿಂದಿ ಚಿತ್ರ ನೋಡಿದ ದಿನ.

ಇದು ಟಾಕೀಸಿಗೆ ಬಂದ ಚಿತ್ರವಲ್ಲ. 2022ರ ಆಗಸ್ಟ್ 5ರಂದು ನೆಟ್‌ಫ್ಲಿಕ್ಸ್ ಮೂಲಕ ನೇರವಾಗಿ ಮನೆಮನೆಯ ಟೀವಿಗೆ ಬಂತು. ನಿರ್ದೇಶಿಸಿದವರು ಜಸ್‌ಮೀತ್ ಕೆ. ರೀನ್ ಎಂಬ ಮಹಿಳೆ. ಇದು ಅವರ ಮೊದಲ ಚಿತ್ರ. ಆಲಿಯಾ ಭಟ್, ಶೆಫಾಲಿ ಶಾ, ವಿಜಯ್ ವರ್ಮಾ ಮುಖ್ಯ ಪಾತ್ರಗಳಲ್ಲಿದ್ದಾರೆ. ಹೆಂಡತಿಯನ್ನು ಹೊಡೆಯುವ ಗಂಡನ ಕತೆ. ಆದರೆ ಕಣ್ಣೀರಿನ ಕತೆಯಲ್ಲ, ನಗಿಸುವ ಕತೆ. ಇಂಥದ್ದಕ್ಕೆ ಡಾರ್ಕ್ ಕಾಮಿಡಿ ಎನ್ನುತ್ತಾರೆ. ನಗಬಾರದ ವಿಷಯಕ್ಕೆ ನಗಿಸಿ, ಆಮೇಲೆ 'ಅಯ್ಯೋ, ನಾನೇಕೆ ನಕ್ಕೆ?' ಎಂದು ನಮ್ಮನ್ನು ನಾವೇ ಕೇಳಿಕೊಳ್ಳುವಂತೆ ಮಾಡುವುದು ಅದರ ರೀತಿ.

ನಾವು ನೋಡಿದ್ದು ಆ ವರ್ಷದ ದೀಪಾವಳಿ ಕಳೆದ ಮೇಲೆ, ಸಂಘದ ಪ್ರತಿನಿಧಿಯ ಮನೆಯಲ್ಲಿ. ವಾರದ ಸಭೆ ಮುಗಿದು, ಉಳಿತಾಯದ ಹಣ ಎಣಿಸಿ ಪುಸ್ತಕಕ್ಕೆ ಬರೆದಾಗಿತ್ತು. ಆಕೆಯ ಮಗ ಟೀವಿಯಲ್ಲಿ ಚಿತ್ರ ಹಾಕಿಕೊಟ್ಟ. ಹನ್ನೆರಡು ಜನ ಚಾಪೆಯ ಮೇಲೆ ಕೂತರು, ಮಂಡಿನೋವಿನ ನಾನು ಕುರ್ಚಿಯ ಮೇಲೆ. ಎಲ್ಲರಿಗೂ ಹಿಂದಿ ಬರುವುದಿಲ್ಲ. ನಮ್ಮ ಸಂಘದಲ್ಲಿ ಟೈಲರಿಂಗ್ ಮಾಡುವ ಒಬ್ಬಾಕೆಯ ಮನೆಮಾತು ಉರ್ದು. ಆಕೆಯೇ ಮಾತುಮಾತನ್ನೂ ಕನ್ನಡದಲ್ಲಿ ಹೇಳುತ್ತಾ ಹೋದಳು.

ಕತೆ ಮುಂಬಯಿಯ ಬೈಕಲಾದ ಒಂದು ಚಾಳಿನದು. ಬದ್ರು ಎಂಬ ಹುಡುಗಿ ಹಮ್ಜಾ ಎಂಬವನನ್ನು ಪ್ರೀತಿಸಿ ಮದುವೆಯಾಗುತ್ತಾಳೆ. ಅವನಿಗೆ ರೈಲ್ವೆಯಲ್ಲಿ ಟಿಕೆಟ್ ತಪಾಸಣೆಯ ಕೆಲಸ. ಮೂರು ವರ್ಷ ಕಳೆಯುವುದರಲ್ಲಿ ಕುಡಿತ, ಹೊಡೆತ ಶುರುವಾಗಿರುತ್ತವೆ. ಊಟದಲ್ಲಿ ಕಲ್ಲು ಸಿಕ್ಕಿತೆಂದು ಹೊಡೆಯುತ್ತಾನೆ. ಬೆಳಗಾದರೆ ಮುದ್ದಿನ ಮಾತಾಡುತ್ತಾನೆ. ವರದಕ್ಷಿಣೆಯ ಮಾತಿಲ್ಲ, ಅತ್ತೆ ನಾದಿನಿಯರ ಕಾಟವಿಲ್ಲ, ಒಲಿದು ಕಟ್ಟಿಕೊಂಡ ಸಂಸಾರ. ಆದರೂ ಏಟು ತಪ್ಪಲಿಲ್ಲ. ವರದಕ್ಷಿಣೆ ನಿಂತರೆ ಹೊಡೆತವೂ ತಾನಾಗಿ ನಿಲ್ಲುತ್ತದೆ ಎಂದು ನಂಬಿದವರು ಇದನ್ನು ಗಮನಿಸಬೇಕು.

ಬದ್ರುವಿನ ತಾಯಿ ಶಂಶು ಅದೇ ಚಾಳಿನಲ್ಲಿದ್ದಾಳೆ. ಅಳಿಯನನ್ನು ಮುಗಿಸಿಬಿಡು ಎಂದು ಮಗಳಿಗೆ ಸಲೀಸಾಗಿ ಹೇಳುವ ಬಾಯಿ ಅವಳದು. ಅವಳ ಒಂದೊಂದು ಮಾತಿಗೂ ಚಾಪೆಯ ಮೇಲೆ ನಗುವೋ ನಗು. ಆದರೆ ಒಂದು ಕಡೆ ಆ ನಗು ಪೂರಾ ನಿಂತುಹೋಯಿತು. ಗಂಡ ಪೊಲೀಸ್ ಠಾಣೆಯಲ್ಲಿದ್ದಾನೆ. ಇನ್ನು ಕುಡಿಯುವುದಿಲ್ಲ, ನಮಗೊಂದು ಮಗು ಬೇಕು ಎಂದು ಹೆಂಡತಿಯನ್ನು ಕರಗಿಸುತ್ತಾನೆ. ಅವಳು ದೂರನ್ನು ವಾಪಸ್ ತೆಗೆದುಕೊಳ್ಳುತ್ತಾಳೆ. ಈ ಜಾಗದಲ್ಲಿ ನಮ್ಮ ಟೈಲರ್ ಕನ್ನಡ ಮಾಡುವುದನ್ನು ನಿಲ್ಲಿಸಿದಳು. ಮುಂದೇನಾಯಿತು ಎಂದು ಯಾರೂ ಕೇಳಲಿಲ್ಲ. ಯಾರಿಗೂ ಕೇಳುವ ಅಗತ್ಯವಿರಲಿಲ್ಲ.

ಆಮೇಲೆ ಬದ್ರು ಬಸುರಾಗುತ್ತಾಳೆ. ದೂರು ಕೊಟ್ಟವರು ಯಾರು ಎಂದು ಕೆದಕುವ ಗಂಡ ಅವಳನ್ನು ಮೆಟ್ಟಿಲಿನಿಂದ ತಳ್ಳುತ್ತಾನೆ, ಗರ್ಭ ಹೋಗುತ್ತದೆ. ಅಲ್ಲಿಂದ ಕತೆ ತಿರುಗುತ್ತದೆ. ತಾಯಿ ಮಗಳು ಸೇರಿ ಅವನನ್ನು ಮನೆಯಲ್ಲೇ ಕಟ್ಟಿಹಾಕುತ್ತಾರೆ. ಗಂಡ ಕಾಣೆಯಾಗಿದ್ದಾನೆಂದು ತಾವೇ ಠಾಣೆಗೂ ಹೋಗಿ ಬರುತ್ತಾರೆ. ಅವನು ಮಾಡಿದ್ದನ್ನೆಲ್ಲ ಒಂದೊಂದಾಗಿ ಅವನಿಗೇ ಮಾಡುತ್ತಾಳೆ ಬದ್ರು.

ಇಷ್ಟು ಹೊತ್ತಿಗೆ ಆ ಮನೆಯ ಯಜಮಾನರು ಊಟಕ್ಕೆ ಬಂದು ಬಹಳ ಹೊತ್ತಾಗಿತ್ತು. ಆತ ನನ್ನ ಹಳೆಯ ವಿದ್ಯಾರ್ಥಿ. ಬದ್ರುವಿಗೆ ಏಟು ಬೀಳುತ್ತಿದ್ದ ಹೊತ್ತೆಲ್ಲ ಗೋಡೆಗೊರಗಿ ಊಟ ಮಾಡುತ್ತಾ ನೋಡಿದ. ಇನ್ನೊಂದು ಮುದ್ದೆ ಹಾಕಿಸಿಕೊಂಡ. ಒಂದು ಮಾತಾಡಲಿಲ್ಲ. ಗಂಡನನ್ನು ಕಟ್ಟಿಹಾಕಿದ ಜಾಗ ಬಂತು ನೋಡಿ, ಕೈ ತೊಳೆದು ಬಂದವನು ನಿಂತೇಬಿಟ್ಟ. "ಇದೇನು ಮೇಡಂ, ಇಂಥಾದ್ದೆಲ್ಲ ಹೆಂಗಸರಿಗೆ ತೋರಿಸಿದರೆ ಸಂಸಾರ ಉಳಿಯುತ್ತಾ?" ಎಂದು ಮಗನಿಗೆ ಟೀವಿ ಆಫ್ ಮಾಡಲು ಹೇಳಿದ. "ಇನ್ನೊಂದು ಅರ್ಧ ತಾಸು ತಡಿಯಪ್ಪಾ, ನಾನು ಮುಗಿಸಿ ಹೋಗುತ್ತೇನೆ" ಎಂದೆ. ಪಾಠ ಹೇಳಿದವಳ ಮಾತು ಮೀರಲಾರದೆ ಹೊರಗೆ ಹೋದ.

ಆತನನ್ನು ದೂರಲು ಇದನ್ನು ಬರೆಯುತ್ತಿಲ್ಲ. ಅವನು ಹೆಂಡತಿಗೆ ಕೈ ಎತ್ತುವವನಲ್ಲ, ಆಕೆಯ ಸಂಘದ ಕೆಲಸಕ್ಕೆ ಅಡ್ಡ ಬರುವವನೂ ಅಲ್ಲ. ನನ್ನ ಪ್ರಶ್ನೆ ಬೇರೆ. ಮೊದಲ ಅರ್ಧ ಹೆಂಡತಿ ಏಟು ತಿನ್ನುವುದನ್ನು ನೋಡುತ್ತಾ ಊಟ ಇಳಿಯಿತು. ಎರಡನೆಯ ಅರ್ಧ ಗಂಡ ಏಟು ತಿನ್ನುವಾಗ ಸಂಸಾರದ ಚಿಂತೆ ಬಂತು. ಈ ವ್ಯತ್ಯಾಸ ಎಲ್ಲಿಂದ ಬಂತು?

ಇದು ಒಬ್ಬನ ಮಾತಲ್ಲ. ಈ ಚಿತ್ರ ಬಿಡುಗಡೆಯಾಗುವ ಮೊದಲೇ, ಪ್ರಚಾರದ ತುಣುಕುಗಳನ್ನು ನೋಡಿದ ಕೆಲವರು, ಆಗ ಟ್ವಿಟರ್ ಎಂದು ಹೆಸರಿದ್ದ ಜಾಲದಲ್ಲಿ ನಟಿ ಆಲಿಯಾ ಭಟ್ ಅವರನ್ನು ಬಹಿಷ್ಕರಿಸಿ ಎಂದು ಕೂಗೆಬ್ಬಿಸಿದ್ದರು. ಈ ಚಿತ್ರ ಗಂಡಸರ ಮೇಲಿನ ದೌರ್ಜನ್ಯವನ್ನು ತಮಾಷೆ ಮಾಡುತ್ತದೆ, ಅದಕ್ಕೆ ಕುಮ್ಮಕ್ಕು ಕೊಡುತ್ತದೆ ಎಂಬುದು ಅವರ ಆಕ್ಷೇಪ. ಗಂಡಸಾಗಲಿ ಹೆಂಗಸಾಗಲಿ, ಕಟ್ಟಿಹಾಕಿ ಹೊಡೆಯುವುದು ತಪ್ಪೇ. ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಹೆಂಡತಿ ಏಟು ತಿಂದದ್ದಕ್ಕೆ ನಗುವ ಚಿತ್ರಗಳು ನಮ್ಮಲ್ಲಿ ಎಷ್ಟು ಬಂದಿಲ್ಲ? ಅವಕ್ಕೆ ಇಂಥ ಬಹಿಷ್ಕಾರ ಹಾಕಿದವರು ಯಾರು?

ಹೀಗೆ ಕೇಳುವ ಮೊದಲು ನಾನೂ ಲೆಕ್ಕ ಒಪ್ಪಿಸಬೇಕು. ನಾನು ಕಾಲೇಜಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟವಳು. ಷೇಕ್ಸ್‌ಪಿಯರನ 'ದಿ ಟೇಮಿಂಗ್ ಆಫ್ ದಿ ಶ್ರೂ' ನಾಟಕವನ್ನು ಪದವಿ ತರಗತಿಗೆ ಪಾಠ ಮಾಡಿದವಳು. ಗಯ್ಯಾಳಿಯನ್ನು ಪಳಗಿಸುವ ಕತೆ ಅದು; 1590ರ ದಶಕದ ಮೊದಲ ವರ್ಷಗಳ ನಾಟಕ. ಪೆಟ್ರೂಶಿಯೋ ಎಂಬವನು ಬಾಯಿಬಡುಕಿ ಎಂದು ಹೆಸರಾದ ಕ್ಯಾಥರೀನಾಳನ್ನು ಮದುವೆಯಾಗಿ ಮನೆಗೆ ಒಯ್ಯುತ್ತಾನೆ. ಅಡುಗೆ ಸೀದಿದೆ ಎಂದು ತಟ್ಟೆ ಬಿಸಾಡಿ ಅವಳನ್ನು ಉಪವಾಸ ಕೆಡವುತ್ತಾನೆ. ರಾತ್ರಿ ನಿದ್ದೆ ಮಾಡಲು ಬಿಡುವುದಿಲ್ಲ. ಸೂರ್ಯನನ್ನು ತೋರಿಸಿ ಚಂದ್ರ ಎಂದರೆ ಅವಳೂ ಹಾಗೆಯೇ ಅನ್ನಬೇಕು. ಕೊನೆಗೆ ಅವಳು ಪಳಗುತ್ತಾಳೆ, ಗಂಡನೇ ಒಡೆಯ ಎಂದು ಉಳಿದ ಹೆಂಗಸರಿಗೆ ಉಪದೇಶ ಮಾಡುತ್ತಾಳೆ. ತಟ್ಟೆ ಬಿಸಾಡುವ ಜಾಗದಲ್ಲಿ ಹುಡುಗರು ಬೆಂಚು ಬಡಿದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಮುಂದಿನ ಬೆಂಚಿನ ಹುಡುಗಿಯರು ನಕ್ಕರೋ ಇಲ್ಲವೋ ನೆನಪಿಲ್ಲ. ನಾನು ಅವರ ಕಡೆ ನೋಡಲಿಲ್ಲ. ಮೊನ್ನೆ ಟೀವಿ ಆಫ್ ಮಾಡಿಸಲು ಬಂದವನು ಆ ಬೆಂಚಿನಲ್ಲಿ ಕೂತಿದ್ದ ಹುಡುಗರಲ್ಲಿ ಒಬ್ಬ.

ಕಾಲೇಜಿನ ಮಾತಾಯಿತು, ಮನೆಯದ್ದು ಕೇಳಿ. ವಿಸಿಪಿ ಬಾಡಿಗೆಗೆ ತಂದು, ಓಣಿಯವರೆಲ್ಲ ಒಂದೇ ಮನೆಯಲ್ಲಿ ಸೇರಿ ರಾತ್ರಿಯೆಲ್ಲ ಎರಡು ಮೂರು ಸಿನಿಮಾ ನೋಡುತ್ತಿದ್ದ ಕಾಲ ನಿಮ್ಮಲ್ಲಿ ಹಿರಿಯರಿಗೆ ನೆನಪಿರಬೇಕು. 1989ರಲ್ಲಿ ಬಂದ 'ನಂಜುಂಡಿ ಕಲ್ಯಾಣ' ಚಿತ್ರವನ್ನು ನಾನು ನೋಡಿದ್ದು ಹಾಗೆ. ರಾಘವೇಂದ್ರ ರಾಜಕುಮಾರ್, ಮಾಲಾಶ್ರೀ ನಟಿಸಿದ, ನಾಡೆಲ್ಲ ಮೆಚ್ಚಿದ ಚಿತ್ರ. ಸೊಕ್ಕಿನ ಹುಡುಗಿಯನ್ನು ಮದುವೆಯಾಗಿ ಬಗ್ಗಿಸುವ ಅದೇ ಎಳೆ. ಅಜ್ಜಿಯರಿಂದ ಮೊಮ್ಮಕ್ಕಳವರೆಗೆ ಎಲ್ಲರೂ ಕೂಡಿ ನಕ್ಕೆವು. ಹೆಂಗಸರ ಮುಂದೆ ಇಂಥಾದ್ದು ಹಾಕಬೇಡಿ ಎಂದು ಯಾವ ಯಜಮಾನನೂ ಎದ್ದು ಬರಲಿಲ್ಲ. ಏಕೆಂದರೆ ಹೆಂಡತಿಯನ್ನು ಬಗ್ಗಿಸುವ ತಮಾಷೆ ನಮಗೆ ಕುಟುಂಬದ ತಮಾಷೆ. ಗಂಡನನ್ನು ಬಗ್ಗಿಸುವ ತಮಾಷೆ ಮಾತ್ರ ಕುಟುಂಬ ಮುರಿಯುವ ತಮಾಷೆ.

ಸಿನಿಮಾವನ್ನು ಟಾಕೀಸಿನಲ್ಲಿ ನೋಡುವುದಕ್ಕೂ ಮನೆಯಲ್ಲಿ ನೋಡುವುದಕ್ಕೂ ಇರುವ ವ್ಯತ್ಯಾಸ ಇಲ್ಲಿ ತಿಳಿಯುತ್ತದೆ. ಟಾಕೀಸಿನಲ್ಲಿ ಕತ್ತಲೆ ಇರುತ್ತದೆ. ಹೆಂಗಸು ಅಲ್ಲಿ ಅತ್ತರೂ ನಕ್ಕರೂ ಕಾಣುವುದಿಲ್ಲ. ಮನೆಯಲ್ಲಿ ಹಾಗಲ್ಲ. ಗಂಡ ಪಕ್ಕದಲ್ಲಿ, ಅತ್ತೆ ಮಂಚದ ಮೇಲೆ, ಮಕ್ಕಳು ಮುಂದೆ. ಯಾವ ಮಾತಿಗೆ ನಕ್ಕಳು ಎಂದು ಎಲ್ಲರೂ ನೋಡುತ್ತಾರೆ. ಎಷ್ಟೋ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುವುದು ಸಂಕೋಚಕ್ಕಲ್ಲ, ಲೆಕ್ಕ ಕೊಡಬೇಕಾದೀತು ಎಂಬ ಅಂಜಿಕೆಗೆ. ರಿಮೋಟು ಯಾರ ಕೈಯಲ್ಲಿದೆಯೋ ನಗುವ ಹಕ್ಕೂ ಅವರದೇ.

ಸಿನಿಮಾ ಮುಗಿದ ಮೇಲೆ ಇನ್ನೊಂದು ಮಾತು ಬಂತು, ಅದನ್ನೂ ಮುಚ್ಚಿಡಬಾರದು. ನಮ್ಮಲ್ಲೇ ಒಬ್ಬಾಕೆ, "ಬಿಡ್ರಿ, ಅದೆಲ್ಲ ಅವರ ಜನದಲ್ಲಿ" ಎಂದುಬಿಟ್ಟಳು. ಕತೆ ಮುಸ್ಲಿಂ ಕುಟುಂಬದ್ದು. ಎರಡು ತಾಸು ನಮಗೆಲ್ಲ ಕನ್ನಡ ಮಾಡಿ ಹೇಳಿದಾಕೆ ಅಲ್ಲೇ ಕೂತಿದ್ದಳು. ಆಕೆ ಸಿಟ್ಟಾಗಲಿಲ್ಲ. "ಅಕ್ಕಾ, ನಿಮ್ಮ ಮನೆಗೂ ನಮ್ಮ ಮನೆಗೂ ನಡುವೆ ಇರೋದು ಒಂದೇ ಗೋಡೆ. ರಾತ್ರಿ ಸಪ್ಪಳ ಎರಡೂ ಕಡೆಯಿಂದ ಕೇಳುತ್ತದೆ" ಎಂದಳು. ಮಾತಾಡಿದವಳು ತಲೆ ತಗ್ಗಿಸಿದಳು. ಆಮೇಲೆ ಅವರಿಬ್ಬರೇ ಸೇರಿ ಎಲ್ಲರಿಗೂ ಚಹಾ ಮಾಡಿ ತಂದರು.

ಅನುಮಾನವಿದ್ದವರು ಅಂಕಿಗಳನ್ನು ನೋಡಲಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವಯಸ್ಸಿನ, ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಜನ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ. ಇದು ಯಾವ ಒಂದು ಜನದ ಲೆಕ್ಕವೂ ಅಲ್ಲ, ಇಡೀ ನಾಡಿನದು. ಅದಕ್ಕಿಂತ ನನ್ನ ಎದೆಗೆ ತಾಗಿದ್ದು ಇನ್ನೊಂದು ಅಂಕಿ. ಹೇಳದೆ ಹೊರಗೆ ಹೋದರೆ, ಅಡುಗೆ ಸರಿಯಾಗಿ ಮಾಡದಿದ್ದರೆ, ಎದುರು ಮಾತಾಡಿದರೆ, ಅತ್ತೆ ಮಾವನಿಗೆ ಮರ್ಯಾದೆ ಕೊಡದಿದ್ದರೆ, ಹೀಗೆ ಏಳು ಕಾರಣಗಳನ್ನು ಕೊಟ್ಟು, ಇವುಗಳಲ್ಲಿ ಯಾವುದಕ್ಕಾದರೂ ಗಂಡ ಹೊಡೆಯುವುದು ಸರಿಯೇ ಎಂದು ಅದೇ ಸಮೀಕ್ಷೆ ಕೇಳಿತ್ತು. ಕರ್ನಾಟಕದ ಹೆಂಗಸರಲ್ಲಿ ನೂರಕ್ಕೆ 77 ಜನ, ಒಂದಲ್ಲ ಒಂದು ಕಾರಣಕ್ಕೆ, ಸರಿ ಎಂದರು. ಗಂಡಸರಲ್ಲಿ 82 ಜನ. ನಮಗೂ ಅವರಿಗೂ ಇರುವ ಅಂತರ ಇಷ್ಟೇ! ಅಂದಮೇಲೆ ಟೀವಿಯಲ್ಲಿ ಹೆಂಡತಿಗೆ ಏಟು ಬೀಳುವಾಗ ಊಟ ನಿಲ್ಲದ್ದರಲ್ಲಿ ಆಶ್ಚರ್ಯವೇನು? ನಾವೂ ಚಾಪೆಯಿಂದ ಏಳಲಿಲ್ಲವಲ್ಲ.

ಇದೇ ಬಗೆಯ ಮತ್ತೊಂದು ಚಿತ್ರ ಮಲಯಾಳದ 'ಜಯ ಜಯ ಜಯ ಜಯ ಹೇ'. ವಿಪಿನ್ ದಾಸ್ ನಿರ್ದೇಶನ. ದರ್ಶನಾ ರಾಜೇಂದ್ರನ್, ಬೇಸಿಲ್ ಜೋಸೆಫ್ ನಟಿಸಿದ್ದಾರೆ. 2022ರ ಅಕ್ಟೋಬರ್‌ನಲ್ಲಿ ಟಾಕೀಸಿಗೆ ಬಂದು, ಆಮೇಲೆ ಮನೆಯ ಟೀವಿಗೂ ಬಂತು. ಇಲ್ಲಿ ಇರುವುದು ಕೇರಳದ ಹಿಂದೂ ಕುಟುಂಬ. ಕೋಳಿ ಫಾರಂ ಇಟ್ಟುಕೊಂಡ ಗಂಡ ಹೆಂಡತಿಯ ಕೆನ್ನೆಗೆ ಹೊಡೆಯುತ್ತಾನೆ, ಆಮೇಲೆ ತಪ್ಪಾಯಿತೆಂದು ಹೋಟೆಲಿಗೆ, ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತಾನೆ, ಮತ್ತೆ ಹೊಡೆಯುತ್ತಾನೆ. ತವರಿಗೆ ಹೇಳಿದರೆ ಹೊಂದಿಕೊಂಡು ಹೋಗು ಎಂಬ ಉತ್ತರ. ಆ ಹುಡುಗಿ ಮೊಬೈಲಿನಲ್ಲಿ ನೋಡಿ ಹೊಡೆದಾಟದ ವಿದ್ಯೆ ಕಲಿತು ಒಂದು ದಿನ ಗಂಡನನ್ನು ಒದೆಯುತ್ತಾಳೆ. ಇದನ್ನು ನೋಡುವಾಗ ನಮ್ಮ ಹೆಂಗಸರು ನಕ್ಕದ್ದು ಒದೆತಕ್ಕಿಂತ ಹೆಚ್ಚಾಗಿ ಆ ಹೋಟೆಲಿನ ಜಾಗದಲ್ಲಿ. "ನಮ್ಮನೇಲಿ ಹೋಟೆಲಿಲ್ಲ, ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು ಬರ್ತಾರೆ" ಎಂದಳು ಒಬ್ಬಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಹದಿನಾಲ್ಕು ವರ್ಷದ ಸಂಸಾರದಲ್ಲಿ ಏಟಿನ ಸುದ್ದಿಯನ್ನು ಆಕೆ ನಾಲ್ಕು ಜನರ ಮುಂದೆ ಆಡಿದ್ದು ಅದೇ ಮೊದಲು.

ಇಂಥ ನಗುವಿನಿಂದ ಆಗುವ ಉಪಕಾರ ಇದೇ. ಏಟು ತಿಂದವಳಿಗೆ ನೋವಿಗಿಂತ ದೊಡ್ಡದು ನಾಚಿಕೆ. ದೇಶದಲ್ಲಿ ಹಿಂಸೆ ಅನುಭವಿಸಿದ ಹೆಂಗಸರಲ್ಲಿ ಯಾರ ಬಳಿಯಾದರೂ ನೆರವು ಕೇಳಿದವರು ನೂರಕ್ಕೆ 14 ಜನ ಮಾತ್ರ ಎಂದು ಅದೇ ಸಮೀಕ್ಷೆ ಹೇಳುತ್ತದೆ. ಬಾಗಿಲಿಗೆ ಬಡಿದುಕೊಂಡೆ, ಬಚ್ಚಲಲ್ಲಿ ಜಾರಿದೆ ಎಂದು ಮುಚ್ಚಿಡುವ ಬಾಯಿಯನ್ನು ಭಾಷಣ ತೆರೆಸುವುದಿಲ್ಲ. ಮೂವತ್ತು ವರ್ಷ ಭಾಷಣ ಮಾಡಿದ ನನಗೆ ಇದು ಗೊತ್ತು. ಒಂದು ನಗು ಕೆಲವೊಮ್ಮೆ ತೆರೆಸುತ್ತದೆ. ಹೊಡೆಯುವವನನ್ನು ನೋಡಿ ನಕ್ಕಾಗ ಅವನು ರಾಕ್ಷಸನಲ್ಲ, ಸಣ್ಣ ಮನುಷ್ಯ ಎಂದು ಕಾಣುತ್ತದೆ. ಆಗ ಹೆದರಿಕೆ ಒಂದು ಗುಲಗಂಜಿಯಷ್ಟಾದರೂ ಕಮ್ಮಿಯಾಗುತ್ತದೆ.

ಹಾಗೆಂದು ಈ ಚಿತ್ರವನ್ನು ಪಾಠವೆಂದು ತಿಳಿಯಬೇಡಿ. ಚಾಪೆಯ ತುದಿಯಲ್ಲಿ ಕೂತಿದ್ದ ಒಬ್ಬಾಕೆ ಆವತ್ತು ಕೊನೆಯವರೆಗೂ ನಗಲಿಲ್ಲ. ಸೂಕ್ಷ್ಮವಾದ ಹಾಸ್ಯ ಆಕೆಗೆ ತಿಳಿಯಲಿಲ್ಲವೇನೋ ಎಂದುಕೊಂಡಿದ್ದೆ. ಅದು ನನ್ನ ಪಾಂಡಿತ್ಯದ ಸೊಕ್ಕು. ಎರಡು ವಾರದ ಮೇಲೆ ಸಾಲದ ಕಂತು ಕಟ್ಟಲು ಬಂದವಳು ಎಲ್ಲರೂ ಹೋಗುವವರೆಗೆ ಕಾದು ನಿಂತು ಹೇಳಿದಳು: "ಮೇಡಂ, ಅವಳು ಗಂಡನ್ನ ಕಟ್ಟಿಹಾಕಿದ್ದಕ್ಕೆ ಎಲ್ಲರೂ ನಕ್ಕರು. ನನಗೆ, ಬಿಚ್ಚಿದ ಮೇಲೆ ಏನಾಗುತ್ತದೋ ಅನ್ನೋದೇ ಆಗಿತ್ತು."

ಆ ಚಿತ್ರದ ಬಗ್ಗೆ ನಾನು ಕೇಳಿದ ಅತ್ಯುತ್ತಮ ವಿಮರ್ಶೆ ಇದು. ಚಿತ್ರದಲ್ಲಿ ಬದ್ರು ಕೊನೆಗೆ ಗಂಡನನ್ನು ಕೊಲ್ಲುವುದಿಲ್ಲ. ರೈಲುಹಳಿಯ ಮೇಲೆ ಕಟ್ಟಿದವನನ್ನು, ಕೊಂದರೆ ತಾನೂ ಅವನಂತೆಯೇ ಆಗುತ್ತೇನೆಂದು ಬಿಚ್ಚಿಬಿಡುತ್ತಾಳೆ. ಬಹಿಷ್ಕಾರ ಕೂಗಿದವರು ಇಷ್ಟು ದೂರ ನೋಡಿದ್ದರೆ ಒಳ್ಳೆಯದಿತ್ತು. ಆದರೆ ಬಿಚ್ಚಿದ ಮರುಗಳಿಗೆಯಲ್ಲಿ ರೈಲು ಬಂದು ಅವನನ್ನು ಒಯ್ಯುತ್ತದೆ. ಕತೆ ಬರೆದವರಿಗೆ ಆ ರೈಲು ಸಿಕ್ಕಿತು. ನಮ್ಮ ಓಣಿಯಲ್ಲಿ ಹಾಗೆ ಹೊತ್ತಿಗೆ ಸರಿಯಾಗಿ ಯಾವ ರೈಲೂ ಬರುವುದಿಲ್ಲ. ತಿರುಗಿ ಕೈ ಎತ್ತಿದವಳಿಗೆ ರಾತ್ರಿ ಹತ್ತು ಏಟು ಹೆಚ್ಚು ಬೀಳುತ್ತವೆ, ಇಲ್ಲವೆ ಅವಳೇ ಜೈಲು ಸೇರಿ ಮಕ್ಕಳು ಬೀದಿಗೆ ಬೀಳುತ್ತವೆ. ಬಿಚ್ಚಿದ ಮೇಲೆ ಏನು ಎಂಬ ಪ್ರಶ್ನೆಗೆ ಸಿನಿಮಾದಲ್ಲಿ ಉತ್ತರವಿಲ್ಲ. ಉತ್ತರ ಹುಡುಕುವುದು ನಮ್ಮ ಕೆಲಸ.

ಕಟ್ಟಿಹಾಕದೆಯೂ ಕೈ ತಡೆಯುವ ದಾರಿಯೊಂದಿದೆ. ಅದು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ. 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಹೊಡೆತ ಮಾತ್ರವಲ್ಲ, ಬೈಗುಳ, ಅವಮಾನ, ಬಲವಂತದ ಸಂಬಂಧ, ಖರ್ಚಿಗೆ ಕೊಡದಿರುವುದು, ನಿಮ್ಮ ದುಡಿಮೆಯನ್ನು ಕಿತ್ತುಕೊಳ್ಳುವುದು, ಎಲ್ಲವೂ ಇದರಲ್ಲಿ ದೌರ್ಜನ್ಯವೇ. ಮನೆ ಗಂಡನ ಹೆಸರಿನಲ್ಲಿದ್ದರೂ ನಿಮಗೆ ಅಲ್ಲಿ ವಾಸಿಸುವ ಹಕ್ಕಿದೆ. ಹೊಡೆಯಬಾರದೆಂದು ಮ್ಯಾಜಿಸ್ಟ್ರೇಟರು ಕೊಡುವ ರಕ್ಷಣಾ ಆದೇಶವನ್ನು ಮೀರಿದರೆ ಒಂದು ವರ್ಷದವರೆಗೆ ಸೆರೆ, ಇಲ್ಲವೆ 20,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. ಅರ್ಜಿ ಬರೆಯಲು ನೆರವಾಗಬೇಕಾದವರು ಸಂರಕ್ಷಣಾಧಿಕಾರಿ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ, ಅಂದರೆ ಅಂಗನವಾಡಿಯವರು ಸಿಡಿಪಿಓ ಎನ್ನುತ್ತಾರಲ್ಲ, ಅವರಿಗೆ ಈ ಹೊಣೆ ಕೊಟ್ಟಿದ್ದಾರೆ. ವಕೀಲರಿಗೆ ಹಣವಿಲ್ಲವೆಂದು ಹಿಂದೆ ಸರಿಯಬೇಡಿ. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ನಡುರಾತ್ರಿ ಜೀವಕ್ಕೆ ಅಪಾಯವಾದರೆ 112, ಮಹಿಳಾ ಸಹಾಯವಾಣಿ 181. ಗಂಡನ ಕ್ರೌರ್ಯಕ್ಕೆ ಶಿಕ್ಷೆ ಕೊಡುವ 498ಎ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೆಯ ಕಲಮಾಗಿದೆ. ಕಲಮು ಹೋಯಿತೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಚಾಪೆಯ ತುದಿಯಲ್ಲಿದ್ದಾಕೆ ಈ ದಾರಿಯಲ್ಲಿ ಎಲ್ಲಿಯವರೆಗೆ ನಡೆದಳು ಎಂದು ಬರೆಯಲು ಆಕೆಯ ಒಪ್ಪಿಗೆ ಇಲ್ಲ; ಆಕೆ ಆಡಿದ ಮಾತನ್ನು ಬರೆಯಲು ಮಾತ್ರ ಒಪ್ಪಿದ್ದಾಳೆ. ಒಂದನ್ನು ಹೇಳಬಲ್ಲೆ. ಸಿಡಿಪಿಓ ಕಚೇರಿಗೆ ಆಕೆ ಒಬ್ಬಳೇ ಹೋಗಲಿಲ್ಲ. ಸಂಘದಿಂದ ನಾಲ್ವರು ಹೋಗಿದ್ದರು. ಆ ನಾಲ್ವರಲ್ಲಿ ಚಹಾ ಮಾಡಿದ ಇಬ್ಬರೂ ಇದ್ದರು.

ಆದ್ದರಿಂದ ಗೆಳತಿಯರೆ, ಇಂಥ ಚಿತ್ರಗಳನ್ನು ನೋಡಿ. ಒಬ್ಬರೇ ನೋಡಬೇಡಿ, ಸಂಘದ ಜೊತೆ ಕೂತು ನೋಡಿ. ಸಾಧ್ಯವಾದರೆ ಮನೆಯ ಗಂಡಸರನ್ನೂ ಕೂರಿಸಿಕೊಳ್ಳಿ, ಬೆಳೆಯುವ ಗಂಡುಮಕ್ಕಳನ್ನಂತೂ ಮರೆಯದೆ ಕೂರಿಸಿ. ಮುಗಿದ ಮೇಲೆ ನಾಯಕಿ ಮಾಡಿದ್ದು ಸರಿಯೋ ತಪ್ಪೋ ಎಂದು ಜಗಳ ಶುರು ಮಾಡುವ ಮೊದಲು ಎರಡೇ ಪ್ರಶ್ನೆ ಕೇಳಿ: ಮೊದಲ ಏಟು ಅವಳಿಗೆ ಬಿದ್ದಾಗ ನಮ್ಮಲ್ಲಿ ಯಾರಿಗಾದರೂ ಟೀವಿ ಆಫ್ ಮಾಡಬೇಕು ಅನ್ನಿಸಿತೇ? ನಗದೆ ಕೂತವರು ಯಾರು?

ನಗದೆ ಕೂತವಳ ಪಕ್ಕದಲ್ಲಿ ಮುಂದಿನ ವಾರದ ಸಭೆಯಲ್ಲಿ ಹೋಗಿ ಕೂತುಕೊಳ್ಳಿ.